ಪೂರ್ತಿ ಅಗಲ

“ಈ ಎಡಗಡೆ ತುದೀಲಿ ಏಣಿ ತಬ್ಕೊಂಡಿರೋರು ಯಾರು, ಎರೋಲ್?” ಎಂದು ಡೆಸ್ಪಿನಾ ಕೇಳಿದಾಗ ಎರೋಲ್ ಟ್ರೆಲೋರನ ಬಾಯಲ್ಲಿ ಅರ್ಧ ಲ್ಯಾಮಿಂಗ್ಟನ್ ಕೇಕು ಇತ್ತು, ಉಳಿದರ್ಧ ಕೈಯಲ್ಲಿತ್ತು. ಕೊಬ್ಬರಿ ತುರಿ ಅವನ ಮದುವೆ-ಮಸಣಗಳಿಗೆಂದೇ ಎತ್ತಿಟ್ಟಿದ್ದ ಅಂಗಿಯ ಮೇಲೆ ಉದುರಿತು. ಎಪ್ಪತ್ತೆರಡು ವರ್ಷದಲ್ಲಿ ಅವನು ಉತ್ತರಿಸಲಾಗದ ಪ್ರಶ್ನೆ ಈ ಭೂಮಿಯ ಮೇಲೆ ಹುಟ್ಟಿರಲಿಲ್ಲ. ಯಾರೂ ಕೇಳದ ಪ್ರಶ್ನೆಗಳಿಗೇ ಅವನು ದಿನಕ್ಕೆ ನೂರು ಉತ್ತರ ಕೊಡುತ್ತಿದ್ದ. ಅಂಥವನು ಅಗಿಯುವುದನ್ನೂ ಬಿಟ್ಟು ಪರದೆಯನ್ನೇ ನೋಡುತ್ತ ಕುಳಿತ.

ಪರದೆ ಗೋಡೆಯಷ್ಟಿತ್ತು. ಅದರ ಮೇಲೆ 1978ರ ಡಿಸೆಂಬರಿನ ಒಂದು ಮಧ್ಯಾಹ್ನ ಅಲುಗಾಡದೆ ನಿಂತಿತ್ತು. ಗೋಧಿ ತುಂಬಿಡುವ ನಮ್ಮೂರಿನ ಗೋಪುರದಂಥ ಸೈಲೋ, ಹಿಂದೆ ಒಂದು ಚೂರೂ ಮೋಡವಿಲ್ಲದ ಆಕಾಶ, ಕೆಳಗೆ ಗೋಧಿ ತುಂಬಿದ ಕೆಂಪು ಲಾರಿ, ಇವೆರಡರ ನಡುವೆ ಟೋಪಿ ಹಾಕಿಕೊಂಡು ಕೈಕಾಲು ಚೆಲ್ಲಿ ಬೀಳುತ್ತಿರುವ ಒಂದು ಆಕೃತಿ. ನಲವತ್ತೈದು ವರ್ಷದಿಂದ ಎಲ್ಲರೂ ನೋಡಿದ್ದು ಅಷ್ಟನ್ನೇ. ಆದರೆ ಈಗ ಚಿತ್ರ ಎಡಕ್ಕೆ ಇನ್ನೂ ಮೂರಡಿ ಚಾಚಿಕೊಂಡಿತ್ತು. ಆ ಮೂರಡಿಯಲ್ಲಿ, ಸೈಲೋದ ನಡುಮಟ್ಟದ ಕಟ್ಟೆಯ ಹತ್ತಿರ, ಬಿಳಿ ಬನಿಯನ್ನಿನ ಒಬ್ಬ ಮನುಷ್ಯ ಕಬ್ಬಿಣದ ಏಣಿಯನ್ನು ಎರಡು ಕೈ, ಎರಡು ಮೊಣಕಾಲು, ಸಾಲದ್ದಕ್ಕೆ ಕೆನ್ನೆಯಿಂದಲೂ ಅಪ್ಪಿ ಹಿಡಿದಿದ್ದ.

“ಅವನಾ?” ಎಂದ ಎರೋಲ್, ಕಷ್ಟಪಟ್ಟು ನುಂಗಿ. “ಅವನು ಸ್ನೋಯಿ. ಸ್ನೋಯಿ ಪಾರ್ಕಿನ್. ಹಗ್ಗ ಹಿಡ್ಕೊಳ್ಳೋ ಕೆಲಸ ಅವನದು.”

“ಹಗ್ಗ ಎಲ್ಲೂ ಕಾಣ್ತಿಲ್ವಲ್ಲ?”

“ತೆಳ್ಳಗಿನ ಹಗ್ಗ ಕಣಮ್ಮ. ಆಗಿನ ಕಾಲದ್ದು.”

“ಈಗೆಲ್ಲಿದಾರೆ ಅವರು? ಸಿಕ್ಕಿದ್ರೆ ಒಂದು ಇಂಟರ್‌ವ್ಯೂ ತಗೊಂಡು ಡಿಸ್ಕಿಗೆ ಸೇರಿಸಬಹುದು.”

“ಹೋಗ್ಬಿಟ್ಟ, ಪಾಪ. ಎಂಬತ್ಮೂರರಲ್ಲಿ.”

“ಎಂಬತ್ತಾರು,” ಎಂದಳು ಗ್ಲೆನಿಸ್. ಅವಳು ಅವನ ಹೆಂಡತಿ. ಸೋಫಾದ ಇನ್ನೊಂದು ತುದಿಯಲ್ಲಿ ಕೈಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತಿದ್ದಳು. “ಸ್ನೋಯಿ ನಮ್ಮೂರ ಪೋಸ್ಟ್‌ಮ್ಯಾನ್. ಬಲ್ಬ್ ಬದಲಾಯಿಸೋಕೆ ಕುರ್ಚಿ ಹತ್ತಿದ್ರೂ ತಲೆ ತಿರುಗ್ತಿತ್ತು ಅವನಿಗೆ.”

ಡೆಸ್ಪಿನಾ ನಕ್ಕಳು. ತಮಾಷೆ ಎಂದುಕೊಂಡಳು. ತನ್ನ ಪುಸ್ತಕದಲ್ಲಿ ‘ಸ್ನೋಯಿ ಪಾರ್ಕಿನ್, ಹಗ್ಗ’ ಎಂದು ಬರೆದುಕೊಂಡಳು. ಎರೋಲ್ ಉಳಿದರ್ಧ ಲ್ಯಾಮಿಂಗ್ಟನ್ನನ್ನು ತಟ್ಟೆಗೆ ಹಾಕಿದ. ಅವನು ತಿಂಡಿಯನ್ನು ಅರ್ಧಕ್ಕೆ ಬಿಟ್ಟಿದ್ದು ಅದೇ ಮೊದಲು. ದೇಶದಲ್ಲಿ ಸರ್ಕಾರ ಬಿದ್ದ ದಿನವೂ ಬಿಟ್ಟಿರಲಿಲ್ಲ.

ನಮ್ಮೂರಿನ ಸೈಲೋ ದಕ್ಷಿಣಾರ್ಧಗೋಳದಲ್ಲೇ ಎತ್ತರವಾದದ್ದು. ಅಲ್ಲ ಎನ್ನುವವರು ಪಕ್ಕದೂರಿನವರು, ಅವರ ಮಾತಿಗೆ ಬೆಲೆಯಿಲ್ಲ. ಅದರ ನಡುಮಟ್ಟದ ಕಟ್ಟೆಯಿಂದ ಚಲಿಸುವ ಲಾರಿಗೆ ಹಾರಿದ ಎತ್ತರ ಎರೋಲನ ಪ್ರಕಾರ ನಲವತ್ತು ಮೀಟರು, ಟೇಪು ಹಿಡಿದು ಅಳೆದವರ ಪ್ರಕಾರ ಹನ್ನೆರಡು. ನಿಜ ಇವೆರಡರ ನಡುವೆ ಎಲ್ಲೋ ಇರಬೇಕು, ಬಹುಶಃ ನಲವತ್ತೊಂದು. ಸಿನಿಮಾದ ಹೆಸರು ‘ಉಪ್ಪಿನ ದಾರಿ’. ಕದ್ದ ಚಿನ್ನವನ್ನು ಲಾರಿಯಲ್ಲಿ ಹಾಕಿಕೊಂಡು ಉಪ್ಪುಕೆರೆ ದಾಟುವವನ ಕಥೆ. ಅಷ್ಟು ಕೆಟ್ಟ ಸಿನಿಮಾ ಅದಕ್ಕೆ ಮೊದಲೂ ಬಂದಿಲ್ಲ, ಆಮೇಲೂ ಬಂದಿಲ್ಲ, ಅದರಲ್ಲೂ ನಮ್ಮೂರಿನದೇ ದಾಖಲೆ. ಆದರೆ ಆ ಒಂದು ಹಾರಾಟ! ನಮ್ಮ ಮ್ಯಾಲಿ ಸೀಮೆಯಲ್ಲಿ ಮಕ್ಕಳು ಅಪ್ಪ ಅಮ್ಮ ಎನ್ನುವುದಕ್ಕೂ ಮೊದಲು ಎರೋಲ್ ಎನ್ನುತ್ತಿದ್ದವು. ನಾಯಕನ ಬದಲಿಗೆ ಸೈಲೋದಿಂದ ಹಾರಿದ ಕುರಿಯುಣ್ಣೆ ಕತ್ತರಿಸುವವನು! ಪಬ್ಬಿನಲ್ಲಿ ಅವನ ಸ್ಟೂಲಿನ ಮೇಲೆ ಬೇರೆ ಯಾರೂ ಕೂರುತ್ತಿರಲಿಲ್ಲ. ಬಿಯರಿಗೆ ಅವನು ಜೇಬಿಗೆ ಕೈ ಹಾಕಿದ್ದನ್ನು ನೋಡಿದವರು ಯಾರೂ ಬದುಕಿಲ್ಲ.

ಈಗ ಊರಿನ ಅಭಿವೃದ್ಧಿ ಸಂಘ ಒಂದು ತೀರ್ಮಾನ ಮಾಡಿತ್ತು. ಸುತ್ತಲಿನ ಊರುಗಳೆಲ್ಲ ತಮ್ಮ ತಮ್ಮ ಸೈಲೋಗಳ ಮೇಲೆ ಆಕಾಶದೆತ್ತರದ ಚಿತ್ರ ಬರೆಸಿ ಕಾರುಗಟ್ಟಲೆ ಜನರನ್ನು ಸೆಳೆಯುತ್ತಿದ್ದವು: ಒಂದೂರಿನಲ್ಲಿ ರೈತ, ಇನ್ನೊಂದರಲ್ಲಿ ಗಿಳಿ, ಮತ್ತೊಂದರಲ್ಲಿ ನಾಯಿ. ನಮ್ಮದರ ಮೇಲೆ ಹಾರುತ್ತಿರುವ ಎರೋಲ್. ಜೀಲಾಂಗಿನ ಚಿತ್ರಕಾರನಿಗೆ ಮುಂಗಡ ಹೋಗಿತ್ತು. ಸಿನಿಮಾವನ್ನು ಹೊಸದಾಗಿ ತೊಳೆದು ಡಿಸ್ಕಿಗೆ ಹಾಕುತ್ತಿರುವವರಿಂದ ಆ ಹಾರಾಟದ ಒಂದು ಸ್ವಚ್ಛ ಚಿತ್ರ ಬಂದರೆ ಸಾಕು, ಸೋಮವಾರವೇ ಕ್ರೇನು ಬರುತ್ತದೆ ಎಂದು ಅವನು ಕಾದಿದ್ದ.

ತೊಳೆಯುತ್ತಿದ್ದವಳು ಡೆಸ್ಪಿನಾ ಕರಾಲಿಸ್. ಮೆಲ್ಬರ್ನಿನ ಬ್ರನ್ಸ್‌ವಿಕ್ಕಿನಲ್ಲಿ, ಕಬಾಬ್ ಅಂಗಡಿಯ ಮೇಲಿನ ಮಹಡಿಯಲ್ಲಿ ಅವಳ ಕಂಪನಿ. ಕಂಪನಿಯೆಂದರೆ ಅವಳು, ಎರಡು ಕಂಪ್ಯೂಟರು, ಒಂದು ಬೆಕ್ಕು. ಯಾರಿಗೂ ಬೇಡವಾದ ಹಳೆಯ ಸಿನಿಮಾಗಳನ್ನು ಹುಡುಕಿ, ಹಕ್ಕು ಯಾರದೆಂದು ಪತ್ತೆ ಮಾಡಿ, ನೆಗೆಟಿವನ್ನು ಒಂದೊಂದೇ ಚೌಕವಾಗಿ ಕಂಪ್ಯೂಟರಿಗೆ ಏರಿಸಿ, ಗೀರು ಧೂಳು ತೆಗೆದು, ಚಂದದ ಪೆಟ್ಟಿಗೆಯಲ್ಲಿ ಡಿಸ್ಕು ಮಾಡಿ ಮಾರುವುದು ಅವಳ ಹೊಟ್ಟೆಪಾಡು. ಕೊಳ್ಳುವವರು ಜಗತ್ತಿನಲ್ಲೆಲ್ಲ ಸೇರಿ ಎರಡು ಸಾವಿರ ಜನ. ಒಬ್ಬೊಬ್ಬರೂ ಎರಡು ಸಾವಿರ ಜನಕ್ಕೆ ಸಮ. ಒಂದು ಚೌಕದಲ್ಲಿ ನೊಣ ಕುಳಿತಿದ್ದರೆ ಅದು ಗಂಡೋ ಹೆಣ್ಣೋ ಎಂದು ಕಾಗದ ಬರೆಯುವ ಪೈಕಿ.

‘ಉಪ್ಪಿನ ದಾರಿ’ಯನ್ನು ಅವಳು ಹುಡುಕಿಕೊಂಡು ಹೋಗಿರಲಿಲ್ಲ. ಎರೋಲನೇ ಅವಳನ್ನು ಹುಡುಕಿ ಬೆನ್ನು ಹತ್ತಿದ್ದ. ಸಿನಿಮಾ ಕಂಪನಿ ಮುಳುಗಿದಾಗ ನೆಗೆಟಿವಿನ ಡಬ್ಬಗಳನ್ನು ಕಸಕ್ಕೆ ಎಸೆಯುತ್ತಾರೆಂದು ತಿಳಿದು, ರಾತ್ರೋರಾತ್ರಿ ಐದು ಗಂಟೆ ಗಾಡಿ ಓಡಿಸಿ ತಂದು, ಕುರಿಯುಣ್ಣೆ ಕತ್ತರಿಸುವ ಶೆಡ್ಡಿನಲ್ಲಿ ಹುಳದೌಷಧಿಯ ಪಕ್ಕದಲ್ಲಿ ಇಟ್ಟಿದ್ದವನು ಅವನೇ. ಡಬ್ಬ ತೆರೆದರೆ ಹಳೆಯ ಫಿಲ್ಮು ಕೆಟ್ಟು ಹೊಮ್ಮುವ ವಿನೆಗರಿನ ಘಾಟು. ಮೂರು ಕುರಿ ಆ ವಾಸನೆಗೇ ಸತ್ತವು ಎಂದು ಅವನು ಹೇಳುತ್ತಾನೆ. ಸತ್ತ ನಿರ್ದೇಶಕನ ಮಗಳನ್ನು ಟ್ಯಾಸ್ಮೇನಿಯಾದಲ್ಲಿ ಪತ್ತೆ ಮಾಡಿ ಹಕ್ಕಿನ ಕಾಗದಕ್ಕೆ ಸಹಿ ಹಾಕಿಸಿದವನೂ ಅವನೇ. ಎಲ್ಲಕ್ಕಿಂತ ದೊಡ್ಡದು, ಡೆಸ್ಪಿನಾಗೆ ಹನ್ನೊಂದು ಕಾಗದ ಬರೆದವನು. ಹಿಂದೆ ವಿಡಿಯೊ ಕ್ಯಾಸೆಟ್ಟು ಮಾಡಿದವರು ಟೀವಿಯ ಚೌಕಕ್ಕೆ ಹೊಂದಲಿ ಎಂದು ಅಗಲವಾದ ಚಿತ್ರದ ಎರಡೂ ಪಕ್ಕ ಕತ್ತರಿಸಿ ಎಸೆದಿದ್ದರು. ಕುರಿಮರಿಗೆ ಗುರುತಿಗೆಂದು ಕಿವಿ ಕೊಯ್ದ ಹಾಗೆ ನನ್ನ ಸಿನಿಮಾದ ಕಿವಿ ಕೊಯ್ದಿದ್ದಾರೆ, ನನಗೆ ಪೂರ್ತಿ ಅಗಲ ಬೇಕು ಎಂದು ಹನ್ನೊಂದೂ ಕಾಗದದಲ್ಲಿ ಬರೆದಿದ್ದ. ಕಿವಿಯಲ್ಲಿ ಏನಿತ್ತೆಂದು ಅವನಿಗೆ ಗೊತ್ತಿರಲಿಲ್ಲ. ಸಿನಿಮಾ ಪೂರ್ತಿ ಅಗಲದಲ್ಲಿ ಓಡಿದ್ದು ಕಾರಿನಲ್ಲೇ ಕೂತು ನೋಡುವ ಎರಡು ಡ್ರೈವ್-ಇನ್‌ಗಳಲ್ಲಿ ಒಂದು ವಾರ, ಅಂಚು ಯಾರ ಕಣ್ಣಿಗೂ ಬಿದ್ದಿರಲಿಲ್ಲ. ಆಗ ಅವನೂ ಹೋಗಿದ್ದ. ಆದರೆ ಹಾರಾಟ ಬಂದಾಗ ಕಣ್ಣು ಮುಚ್ಚಿಕೊಂಡಿದ್ದ.

“ಅವನನ್ನ ತೆಗೆದುಬಿಡು,” ಎಂದ ಎರೋಲ್ ಈಗ, ದನಿ ತಗ್ಗಿಸಿ. “ಪಾಪ, ಸತ್ತೋನು. ಸ್ನೋಯಿ ಮನೆಯೋರು ಬೇಜಾರು ಮಾಡ್ಕೋತಾರೆ.”

“ನಾವು ಧೂಳು ತೆಗೀತೀವಿ ಎರೋಲ್, ಗೀರು ತೆಗೀತೀವಿ. ಮನುಷ್ಯರನ್ನ ತೆಗೆಯೋಲ್ಲ.”

“ಹಂಗಾದ್ರೆ ಮೊದಲಿನ ಹಂಗೇ ಎರಡೂ ಕಡೆ ಕತ್ತರಿಸು. ಚೌಕ ಚೆನ್ನಾಗಿರುತ್ತೆ. ಕಣ್ಣಿಗೆ ಹಿತ.”

ಡೆಸ್ಪಿನಾ ಕಪಾಟಿನಿಂದ ಒಂದು ಫೈಲು ತಂದಳು. “‘ಒಂದಂಗುಲ ಬಿಟ್ಟರೂ ಕೋರ್ಟಿಗೆ ಹೋಗುತ್ತೇನೆ.’ ನಿಮ್ಮದೇ ಅಕ್ಷರ. ಕೆಂಪು ಪೆನ್ನು. ಕೆಳಗೆ ಮೂರು ಗೆರೆ.” ಆಮೇಲೆ ಡಿಸ್ಕಿನ ಹೊದಿಕೆಯನ್ನೂ ತೋರಿಸಿದಳು. ಅಚ್ಚಾಗಿ ಬಂದುಬಿಟ್ಟಿತ್ತು. ಮೇಲುಗಡೆ ದಪ್ಪ ಅಕ್ಷರದಲ್ಲಿ: ‘ಡಿಸ್ಕಿನಲ್ಲಿ ಮೊಟ್ಟಮೊದಲ ಬಾರಿಗೆ ಪೂರ್ತಿ ಅಗಲದಲ್ಲಿ!’

ಗ್ಲೆನಿಸ್ ಕೈಚೀಲದಿಂದ ಕನ್ನಡಕ ತೆಗೆದು ಹಾಕಿಕೊಂಡಳು. ಎದ್ದು ಪರದೆಯ ಹತ್ತಿರ ಹೋದಳು. ಎಡಗಡೆ ನೋಡಲಿಲ್ಲ. ನಡುವೆ ಗಾಳಿಯಲ್ಲಿದ್ದ ಆಕೃತಿಯ ಮುಂದೆ, ಮೂಗು ತಾಗುವಷ್ಟು ಹತ್ತಿರ, ಬಹಳ ಹೊತ್ತು ನಿಂತಳು. ಕ್ಯಾಸೆಟ್ಟಿನಲ್ಲಿ ಅದು ಒಂದು ಕಂದು ಮಸಿಯ ಕಲೆಯಾಗಿತ್ತು. ಈಗ ಅಂಗಿಯ ಗುಂಡಿ ಕಾಣುತ್ತಿತ್ತು. ಟೋಪಿಯ ಕೆಳಗಿನಿಂದ ಜಾರಿ ಹೊರಬರುತ್ತಿದ್ದ ಜಡೆಯ ತುದಿ ಕಾಣುತ್ತಿತ್ತು.

“ಚೆನ್ನಾಗಿ ತೊಳೆದಿದೀಯಮ್ಮ,” ಎಂದಳು.

1978ರ ಆ ಮಧ್ಯಾಹ್ನ ಬಿಸಿಲು ಐವತ್ತು ಡಿಗ್ರಿ. ನೊಣಗಳು ಹಾರಲಾರದೆ ನಡೆದುಕೊಂಡು ಹೋಗುತ್ತಿದ್ದವು. ಊರಿನವರೆಲ್ಲ ಕಟಾವಿನಲ್ಲಿದ್ದರು, ಸೈಲೋದ ಹತ್ತಿರ ಇದ್ದದ್ದು ಮೆಲ್ಬರ್ನಿನ ಏಳೆಂಟು ಸಿನಿಮಾದವರು, ಇಪ್ಪತ್ತೇಳರ ಎರೋಲ್, ಇಪ್ಪತ್ತೆರಡರ ಗ್ಲೆನಿಸ್ ಪೆನ್ರೋಸ್. ಅವಳಪ್ಪ ಸೈಲೋದ ಉಸ್ತುವಾರಿ. ಸಿನಿಮಾದವರಿಗೆ ಟೀ ಮಾಡಿ ಕೊಡುವ ಕೆಲಸ ಅವಳಿಗೆ ಸಿಕ್ಕಿತ್ತು. ಎರೋಲನಿಗೆ ಹಾರುವ ಕೆಲಸ ಸಿಕ್ಕಿದ್ದು ಪಬ್ಬಿನಲ್ಲಿ ಕೊಚ್ಚಿಕೊಂಡಿದ್ದಕ್ಕೆ. ಕ್ಯಾಮೆರಾದಲ್ಲಿ ಉಳಿದಿದ್ದು ಕೊನೆಯ ಸುರುಳಿ. ಎರೋಲ್ ಏಣಿ ಹತ್ತಿದ, ಕಟ್ಟೆಯ ಹತ್ತಿರ ಹೋದ, ಒಮ್ಮೆ ಕೆಳಗೆ ನೋಡಿದ. ಅಷ್ಟೆ. ಅವನ ಕೈ ಏಣಿಯ ಭಾಗವಾಯಿತು. ನಿರ್ದೇಶಕ ಕೆಳಗಿನಿಂದ ಮೆಗಾಫೋನಿನಲ್ಲಿ ಕೂಗಿ ಬೈದ, ಬೇಡಿಕೊಂಡ, ಮತ್ತೆ ಬೈದ. ಕೊನೆಗೆ ಗ್ಲೆನಿಸ್ ಟೀ ಪಾತ್ರೆ ಕೆಳಗಿಟ್ಟು ಹತ್ತಿದಳು. ಅವನ ಟೋಪಿ ತೆಗೆದುಕೊಂಡಳು. ಒಂದು ಕೈಯ ಬೆರಳು ಬಿಡಿಸಿ, ತೋಳು ಎಳೆದು, ಆ ಕೈಯನ್ನು ವಾಪಸು ಏಣಿಗೆ ಅಂಟಿಸಿ, ಇನ್ನೊಂದು ಕೈ ಬಿಡಿಸಿ, ಹಾಗೆ ಅಂಗಿ ಕಳಚಿ ತಾನು ತೊಟ್ಟು, ಹಾರಿಬಿಟ್ಟಳು.

ಗೋಧಿಯಿಂದ ಎದ್ದು ಬಂದವಳು ನಿರ್ದೇಶಕನಿಗೆ ಹೇಳಿದಳು: “ಹೊರಗೆ ಗೊತ್ತಾದ್ರೆ ಅಪ್ಪನ ಕೆಲಸ ಹೋಗುತ್ತೆ. ಹಾರಿದ್ದು ಎರೋಲ್.” ವಿಮೆಯ ಕಾಗದದಲ್ಲಿ ಇದ್ದದ್ದೂ ಎರೋಲನ ಹೆಸರೇ, ನಿರ್ದೇಶಕ ಖುಷಿಯಾಗಿ ಒಪ್ಪಿದ. ಸಾಯಂಕಾಲ ಪಬ್ಬಿನಲ್ಲಿ ಮೊದಲ ಬಿಯರ್ ಬಂದಾಗ ಎರೋಲನಿಗೆ ಅದು ಗ್ಲೆನಿಸ್ ಹೊರಿಸಿದ ಹೊರೆಯಾಗಿತ್ತು. ಏಳನೆಯದು ಬರುವಷ್ಟರಲ್ಲಿ ಅವನೇ ಹಾರಿದ್ದ. ಎರಡು ವರ್ಷಕ್ಕೆ ಮದುವೆಯಾಯಿತು. ತೊಂಬತ್ತೊಂದರಲ್ಲಿ ಅವಳಪ್ಪ ತೀರಿಕೊಂಡ. ಮಣ್ಣು ಮಾಡಿ ಬಂದ ಮಧ್ಯಾಹ್ನ ಸ್ಯಾಂಡ್‌ವಿಚ್ಚಿನ ಮೇಜಿನಾಚೆಯಿಂದ ಗ್ಲೆನಿಸ್ ಗಂಡನನ್ನು ಒಂದು ಸಲ ನೋಡಿದಳು. ಇನ್ನು ಮುಚ್ಚಿಡಬೇಕಾದ ಕಾರಣ ಮಣ್ಣಿನೊಳಗಿತ್ತು. ಎರೋಲ್ ಪಾದ್ರಿಗೆ ಹಾರಾಟದ ಕಥೆ ಹೇಳುತ್ತಿದ್ದ. ಅವಳು ಮತ್ತೆ ಹಾಗೆ ನೋಡಲಿಲ್ಲ.

ಮಾತು ರೆಕಾರ್ಡು ಮಾಡುವ ಗೂಡು ಕೋಣೆಯ ಮೂಲೆಯಲ್ಲಿತ್ತು. ಗೋಡೆಗೆಲ್ಲ ಮೊಟ್ಟೆ ತಟ್ಟೆಯಂಥ ಕಪ್ಪು ಸ್ಪಂಜು, ಎರಡು ಕುರ್ಚಿ, ಎರಡು ಮೈಕು, ಒಂದು ಪುಟ್ಟ ಪರದೆ, ಎದುರಿಗೆ ದಪ್ಪ ಗಾಜು. ಶವಪೆಟ್ಟಿಗೆ ಮಾಡುವವರು ಇದಕ್ಕಿಂತ ಉದಾರಿಗಳು. ಸಿನಿಮಾ ಓಡುತ್ತಿರುವಾಗ ಅದರ ಮೇಲೆ ಮಾತಾಡಬೇಕು. ಡಿಸ್ಕು ಕೊಂಡವರು ಬೇಕಾದರೆ ಆ ಮಾತನ್ನು ಹಾಕಿಕೊಂಡು ಕೇಳುತ್ತಾರೆ. ಎರೋಲನಿಗೆ ಹೆಸರುಗಳು ಮರೆಯುತ್ತವೆಂದು ಗ್ಲೆನಿಸ್ ಪಕ್ಕದಲ್ಲಿ ಕೂರುವುದೆಂದು ಮೊದಲೇ ಗೊತ್ತಾಗಿತ್ತು. ಡೆಸ್ಪಿನಾ ಗಾಜಿನಾಚೆ.

“ಶುರುವಾದ್ಮೇಲೆ ನಿಲ್ಸೋ ಹಾಗಿಲ್ಲ,” ಎಂದು ಅವಳ ದನಿ ಹೆಡ್‌ಫೋನಿನಲ್ಲಿ ಬಂತು. “ತೊಂಬತ್ನಾಲ್ಕು ನಿಮಿಷ, ಒಂದೇ ಉಸಿರಲ್ಲಿ. ಹತ್ತು ಸೆಕೆಂಡಿಗಿಂತ ಜಾಸ್ತಿ ಸುಮ್ಮನಿದ್ರೆ ನಮ್ಮ ಗಿರಾಕಿಗಳು ನನ್ನ ಬೈತಾರೆ.”

“ಸುಮ್ಮನಿರೋದಾ? ಇವನಾ?” ಎಂದಳು ಗ್ಲೆನಿಸ್. “ಅರಿವಳಿಕೆ ಕೊಟ್ಟ ಮೇಲೂ ಮಾತಾಡ್ತಾ ಇದ್ದ. ಡಾಕ್ಟ್ರು ಹೊರಗೆ ಬಂದು ನನ್ನ ಕೇಳಿದ್ರು, ಇದಕ್ಕೆ ಸ್ವಿಚ್ ಎಲ್ಲಿದೆ ಅಂತ.”

ಕೆಂಪು ದೀಪ ಹತ್ತಿತು.

ಮೊದಲ ಒಂದು ಗಂಟೆ ಎರೋಲ್ ಮಾತಾಡಿದ ಮಾತಿಗೆ ಸಾಟಿಯಿಲ್ಲ. ನಾಯಕನ ಮೀಸೆ ನಿಜವಲ್ಲ, ಅದನ್ನು ತನ್ನ ನಾಯಿಯ ಬಾಲದಿಂದ ಮಾಡಿದ್ದು ಎಂದ. ಉಪ್ಪುಕೆರೆಯ ದೃಶ್ಯದಲ್ಲಿ ಲಾರಿ ಹೂತುಹೋದಾಗ ತಾನೊಬ್ಬನೇ ಎತ್ತಿದೆ ಎಂದ. “ಟ್ರ್ಯಾಕ್ಟರು ತಂದಿದ್ರು,” ಎಂದಳು ಗ್ಲೆನಿಸ್. “ಟ್ರ್ಯಾಕ್ಟರನ್ನೂ ನಾನೇ ಎತ್ತಿದ್ದು,” ಎಂದ. ಗಾಜಿನಾಚೆ ಡೆಸ್ಪಿನಾ ಬಾಯಿಗೆ ಕೈ ಅಡ್ಡ ಹಿಡಿದು ನಗುತ್ತಿದ್ದಳು. ಆದರೆ ಪರದೆಯ ಕೆಳಗೆ ಒಂದು ಪುಟ್ಟ ಗಡಿಯಾರ ಓಡುತ್ತಿತ್ತು. ಹಾರಾಟ ಬರುವುದು ಎಪ್ಪತ್ತೊಂದನೆಯ ನಿಮಿಷಕ್ಕೆ. ಅರವತ್ತು ದಾಟಿದ ಮೇಲೆ ಎರೋಲನ ಕಣ್ಣು ಸಿನಿಮಾದ ಮೇಲಿರಲಿಲ್ಲ, ಆ ಅಂಕಿಗಳ ಮೇಲಿತ್ತು. ಬೆವರು ಹೆಡ್‌ಫೋನಿನ ಒಳಗಿನಿಂದ ಕುತ್ತಿಗೆಗೆ ಇಳಿಯಿತು. ಅದನ್ನು ಕೂಡಿಟ್ಟಿದ್ದರೆ ನಮ್ಮೂರಿನ ಕೆರೆಗೆ ಒಂದು ವರ್ಷ ಸಾಕಾಗುತ್ತಿತ್ತು.

ಅರವತ್ತೈದರಲ್ಲಿ ಕೈಯೆತ್ತಿದ. “ಅರ್ಜೆಂಟು. ಒಂದಕ್ಕೆ ಹೋಗ್ಬೇಕು.”

“ಇನ್ನು ಅರ್ಧ ಗಂಟೆ ಕೂಡ ಇಲ್ಲ, ಎರೋಲ್. ತಡ್ಕೊಳ್ಳಿ.”

“ವಯಸ್ಸಾಗಿದೆ ಕಣಮ್ಮ.”

“ಬರೋಕೆ ಮುಂಚೆ ಹೋಗಿ ಬಂದಿದಾನೆ,” ಎಂದಳು ಗ್ಲೆನಿಸ್. ಆ ಮಾತೂ ಡಿಸ್ಕಿನಲ್ಲಿದೆ, ಬೇಕಾದವರು ಕೇಳಬಹುದು.

ಅವನು ಬಾಗಿಲು ನೋಡಿದ. ಸ್ಪಂಜಿನಲ್ಲಿ ಬಾಗಿಲು ಯಾವುದು ಗೋಡೆ ಯಾವುದು ಎಂದು ತಿಳಿಯಲಿಲ್ಲ. ಹೇಳುವುದಾದರೆ ಒಂದೇ ಹೆಸರು ಸಾಕು, ಸ್ನೋಯಿ. ಸ್ನೋಯಿ ಎದ್ದು ಬಂದು ಅಲ್ಲ ಎನ್ನುವುದಿಲ್ಲ. ಎರಡು ಸಾವಿರ ಜನ ನಂಬುತ್ತಾರೆ, ಚಿತ್ರಕಾರ ಎಡಗಡೆಯನ್ನು ಬಿಟ್ಟು ನಡುವಿನದನ್ನು ಮಾತ್ರ ಬರೆಯುತ್ತಾನೆ, ಸೈಲೋದ ಮೇಲೆ ಎರೋಲ್ ನೂರು ವರ್ಷ ಹಾರುತ್ತಿರುತ್ತಾನೆ. ಅಷ್ಟೇ. ಮತ್ತೆ ಆ ನೂರು ವರ್ಷವೂ ಬೆಳಿಗ್ಗೆ ಹಾಲು ತರಲು ಹೋಗುವಾಗ ಗ್ಲೆನಿಸ್ ಅದರ ಕೆಳಗೇ ನಡೆದು ಹೋಗಬೇಕು.

ಅರವತ್ತೊಂಬತ್ತು. ನಾಯಕ ಸೈಲೋದ ಕಡೆ ಓಡಿದ. ಎಪ್ಪತ್ತು. ಹತ್ತಿದ.

“ಈಗ ಬರ್ತಿದೆ,” ಎಂದಳು ಡೆಸ್ಪಿನಾ, ಕೇಳುಗರಿಗೆಂದು ದನಿ ಬದಲಿಸಿ. “ಚಿತ್ರದ ಎಡ ಅಂಚಿನ ಕಡೆ ಗಮನ ಕೊಡಿ. ನಲವತ್ತೈದು ವರ್ಷದಿಂದ ಯಾರೂ ನೋಡದ ಒಬ್ಬ ಮನುಷ್ಯ ಅಲ್ಲಿದಾನೆ. ಎರೋಲ್, ಯಾರದು?”

ಎರೋಲ್ ಬಾಯಿ ತೆರೆದ. ‘ಸ್ನೋ’ ಎಂಬಷ್ಟು ನಾಲಿಗೆಯ ತುದಿಗೆ ಬಂದಿತ್ತು. ಪಕ್ಕಕ್ಕೆ ನೋಡಿದ. ಗ್ಲೆನಿಸ್ ಅವನ ಕಡೆ ನೋಡುತ್ತಲೇ ಇರಲಿಲ್ಲ. ಕನ್ನಡಕ ತೆಗೆದು ಅಂಗಿಯ ತುದಿಯಿಂದ ಒರೆಸಿ ಮತ್ತೆ ಹಾಕಿಕೊಂಡು, ಕುರ್ಚಿಯ ತುದಿಗೆ ಸರಿದು, ಪುಟ್ಟ ಪರದೆಯೊಂದನ್ನೇ ನೋಡುತ್ತಿದ್ದಳು. ಅವನು ಏನು ಹೇಳುತ್ತಾನೆಂದು ಅವಳಿಗೆ ಗೊತ್ತಿತ್ತು. ಅದಕ್ಕಾಗಿ ಅವಳು ಕಾಯುತ್ತಿರಲಿಲ್ಲ. ಕಾಯುವುದನ್ನು ಅವಳು ಯಾವತ್ತೋ ಬಿಟ್ಟಿದ್ದಳು.

“ಅದು ನಾನು,” ಎಂದ ಎರೋಲ್.

ಹೇಳಿದ ಮೇಲೆ ಅವನಿಗೇ ಗಾಬರಿಯಾಯಿತು. ಗಾಬರಿಯಾದಾಗ ಅವನಿಗೆ ಗೊತ್ತಿದ್ದುದು ಒಂದೇ ವಿದ್ಯೆ.

“ನೋಡಿ ಹೆಂಗೆ ಹಿಡ್ಕೊಂಡಿದೀನಿ! ಇಡೀ ವಿಕ್ಟೋರಿಯಾದಲ್ಲಿ ಯಾವ ಗಂಡಸೂ ಏಣೀನ ಹಂಗೆ ಹಿಡ್ದಿಲ್ಲ. ಗಮನಿಸಿ, ಗದ್ದ ಕೂಡ ಹಿಡ್ಕೊಂಡಿದೆ. ನಾಲ್ಕು ಗಂಟೆ! ಪೊಲೀಸು ಬಂದ್ರು, ಅಗ್ನಿಶಾಮಕದೋರು ಬಂದ್ರು, ಒಂದೊಂದು ಬೆರಳಿಗೆ ಒಬ್ಬೊಬ್ಬ ಆಳು ಬೇಕಾಯ್ತು. ಏಣಿ ಮೇಲೆ ನನ್ನ ಬೆರಳ ಗುರುತು ಈಗಲೂ ಇದೆ, ಕಬ್ಬಿಣ ಒಳಗೆ ಹೋಗಿದೆ. ಹೆದರಿಕೆ ಅಂದ್ರೆ ಅದು ಹೆದರಿಕೆ! ಈಗಿನೋರು ಏನು ಹೆದರ್ತಾರೆ!”

ಗಾಜಿನಾಚೆ ಡೆಸ್ಪಿನಾ ಕೈಯಲ್ಲಿದ್ದ ಪೆನ್ನು ಕೆಳಗಿಟ್ಟಳು. ಅವಳ ಮುಂದಿನ ದೊಡ್ಡ ಪರದೆಯಲ್ಲಿ, ನಿಧಾನಗತಿಯಲ್ಲಿ ತೆಗೆದ ಆ ಹಾರಾಟದ ಆಕೃತಿ ಇನ್ನೂ ಗಾಳಿಯಲ್ಲಿತ್ತು.

“ಹಂಗಾದ್ರೆ ಎರೋಲ್... ಹಾರ್ತಾ ಇರೋರು ಯಾರು?”

ಇಲ್ಲಿ ಅವನಿಗೆ ಮಾತು ನಿಂತಿತು. ತನ್ನ ಹೆದರಿಕೆಯನ್ನು ಅವನು ಹೆಗಲ ಮೇಲೆ ಹೊತ್ತು ಮೆರೆಸಬಲ್ಲ. ಆದರೆ ಹಾರಾಟವನ್ನು ಎತ್ತಿ ಇನ್ನೊಬ್ಬರ ಕೈಗೆ ಕೊಡುವ ಮಾತು ಯಾವುದು? ಅದನ್ನು ಅವನು ಯಾವತ್ತೂ ಆಡಿರಲಿಲ್ಲ, ಅದರ ರುಚಿ ನಾಲಿಗೆಗೆ ಗೊತ್ತಿರಲಿಲ್ಲ. ಐದು ಸೆಕೆಂಡು. ಹತ್ತು. ಅವನ ತುಟಿ ಅಲ್ಲಾಡುತ್ತಿತ್ತು, ದನಿ ಇರಲಿಲ್ಲ. ಹದಿನೈದು. ಗೋಧಿ ಲಾರಿಯ ಮೇಲೆ ಧೂಳೆದ್ದಿತು.

“ಟೀ ಕೊಡೋ ಹುಡುಗಿ,” ಎಂದಳು ಗ್ಲೆನಿಸ್.

ಡೆಸ್ಪಿನಾ ನಕ್ಕಳು, ನಗು ಅರ್ಧಕ್ಕೆ ನಿಂತಿತು. ಪರದೆಯ ಕಡೆ ಬಾಗಿದಳು. ಮತ್ತೆ ಗಾಜಿನೊಳಗಿನ ಬಿಳಿ ತಲೆಯ ಹೆಂಗಸನ್ನು ನೋಡಿದಳು. “ನೀವಾ?”

“ಬೇರೆ ಯಾರೂ ಟೀ ಕೊಡ್ತಿರಲಿಲ್ಲ.”

“ಹೇಗಿತ್ತು?”

“ಗೋಧಿ ಬಿಸಿ ಇತ್ತು.”

ಸಿನಿಮಾ ನಿಲ್ಲಲಿಲ್ಲ. ಲಾರಿ ಹೊರಟಿತು, ಗೋಧಿಯಿಂದ ನಾಯಕ ಮುಖ ಒರೆಸಿಕೊಳ್ಳುತ್ತ ಎದ್ದ, ಇನ್ನೂ ಇಪ್ಪತ್ತೆರಡು ನಿಮಿಷ ಉಳಿದಿತ್ತು. ಯಾರಾದರೂ ಮಾತಾಡಲೇಬೇಕಿತ್ತು. ಎರೋಲ್ ಮೈಕಿನ ಮುಂದೆ ಕುಳಿತೇ ಇದ್ದ. ಗ್ಲೆನಿಸ್ ಮಾತಾಡಿದಳು. ಆ ಲಾರಿ ಯಾರದು, ಆಮೇಲೆ ಅದನ್ನು ಯಾರು ಕೊಂಡರು. ಅಡ್ಡ ಬಂದ ನಾಯಿಯ ಹೆಸರೇನು. ಅಂದು ಮಧ್ಯಾಹ್ನಕ್ಕೆ ಮಾಡಿದ್ದು ತಣ್ಣನೆ ಕುರಿಮಾಂಸ ಮತ್ತು ಬೀಟ್‌ರೂಟು, ನಿರ್ದೇಶಕ ಬೀಟ್‌ರೂಟು ಮುಟ್ಟುತ್ತಿರಲಿಲ್ಲ. ಅವಳ ಅಪ್ಪ ದಿನಾ ಸಾಯಂಕಾಲ ಸೈಲೋದ ಸುತ್ತ ಚೆಲ್ಲಿದ ಕಾಳನ್ನು ಗುಡಿಸಿ ಚೀಲಕ್ಕೆ ತುಂಬಿಸುತ್ತಿದ್ದ, ಒಂದು ಕಾಳೂ ಮನೆಗೆ ತರುತ್ತಿರಲಿಲ್ಲ. ಅವಸರವಿಲ್ಲದ, ಏರಿಳಿತವಿಲ್ಲದ ದನಿ. ಹಾರಾಟದ ಬಗ್ಗೆ ಇನ್ನೊಂದು ಮಾತೂ ಆಡಲಿಲ್ಲ. ನಡುವೆ ಒಮ್ಮೆ ಮಾತ್ರ, “ಆ ಪೇಂಟರಿಗೆ ಏನು ಹೇಳ್ತೀಯೋ ನೀನೇ ಹೇಳ್ಕೋ, ಎರೋಲ್,” ಎಂದಳು.

ಎರೋಲ್ ಕೇಳುತ್ತಿದ್ದ. ಹೆಡ್‌ಫೋನು ಅವಳ ಉಸಿರನ್ನೂ ಅವನ ಕಿವಿಯೊಳಗೆ ತಂದು ಹಾಕುತ್ತಿತ್ತು. ಪಕ್ಕದಲ್ಲೇ ಮಲಗುವವಳ ದನಿಯನ್ನು ಇಷ್ಟು ಹತ್ತಿರದಿಂದ ಅವನು ಕೇಳಿರಲಿಲ್ಲ. ಅಥವಾ ಅವಳಿಗೆ ಮಾತಾಡಲು ಇಪ್ಪತ್ತೆರಡು ನಿಮಿಷ ಒಟ್ಟಿಗೆ ಸಿಕ್ಕಿರಲಿಲ್ಲ.

ಕೊನೆಗೆ ಹೆಸರುಗಳು ಮೇಲೇರಿದವು. ‘ಸಾಹಸ: ಎರೋಲ್ ಟ್ರೆಲೋರ್.’ ಬಹಳ ಕೆಳಗೆ, ಲಾರಿ ಕೊಟ್ಟವರ ಹೆಸರಾದ ಮೇಲೆ, ‘ಚಹಾ: ಜಿ. ಪೆನ್ರೋಸ್.’ ಮೂವರೂ ಓದಿದರು. ಕೆಂಪು ದೀಪ ಆರಿತು.

ಡೆಸ್ಪಿನಾ ಬಂದು ಬಾಗಿಲು ತೆಗೆದಳು. ಎರೋಲನ ಮುಖ ನೋಡಿ, “ಟೀ ಮಾಡ್ತೀನಿ,” ಎಂದಳು. ಗ್ಲೆನಿಸ್ ಎದ್ದು ಕೈಚೀಲ ತೆಗೆದುಕೊಂಡಳು.

“ಇನ್ನೊಂದ್ಸಲ ತೋರಿಸ್ತೀಯಾ ಮಗಳೇ? ಅದೊಂದೇ. ಇನ್ನೂ ಸ್ವಲ್ಪ ನಿಧಾನಕ್ಕೆ.”

ಇಬ್ಬರೂ ಹೊರಗೆ ಹೋದರು. ಭಾರದ ಬಾಗಿಲು ತನ್ನಷ್ಟಕ್ಕೆ ತಾನೇ ಮುಚ್ಚಿಕೊಂಡಿತು. ಎರೋಲ್ ಏಳಲಿಲ್ಲ. ಗಾಜಿನಾಚೆ ಡೆಸ್ಪಿನಾ ಗ್ಲೆನಿಸಳನ್ನು ತನ್ನ ಕುರ್ಚಿಯಲ್ಲಿ ಕೂರಿಸಿ, ಮೇಜಿನ ಮೇಲಿನ ಒಂದು ದುಂಡನೆಯ ತಿರುಗುಣಿಯ ಮೇಲೆ ಅವಳ ಕೈ ಇಟ್ಟು, ಹೀಗೆ ತಿರುಗಿಸಿದರೆ ಮುಂದೆ, ಹೀಗೆ ತಿರುಗಿಸಿದರೆ ಹಿಂದೆ ಎಂದು ತೋರಿಸಿಕೊಟ್ಟಳು.

ಪಬ್ಬಿನ ಆ ಸ್ಟೂಲಿನ ಮೇಲೆ ಕುಳಿತು ಅವನು ಆ ಬೀಳುವಿಕೆಯನ್ನು ಹತ್ತು ಸಾವಿರ ಸಲವಾದರೂ ಹೇಳಿದ್ದ, ಇದರಲ್ಲಿ ಒಂದು ಸೊನ್ನೆಯೂ ಹೆಚ್ಚಲ್ಲ. ಕಿವಿಯಲ್ಲಿ ಗಾಳಿ ಸಿಳ್ಳೆ ಹಾಕಿತು ಎಂದಿದ್ದ. ಮೇಲಿನಿಂದ ಐದು ಊರು ಕಂಡವು, ಮುನ್ನೂರು ಕಿಲೋಮೀಟರ್ ಆಚೆಯ ಕಡಲೂ ಕಂಡಿತು ಎಂದಿದ್ದ. ಎಲ್ಲವನ್ನೂ ಅವನೇ ಕೂತು ಹುಟ್ಟಿಸಿದ್ದ. ಮನೆಯಲ್ಲಿ ಕೇಳಿದ್ದರೆ ಸಿಗುತ್ತಿತ್ತು. ಕೇಳಿರಲಿಲ್ಲ.

ಅವನು ಮೈಕಿನ ಹತ್ತಿರ ಬಾಗಿದ.

“ಗ್ಲೆನ್,” ಎಂದ. “ಬೀಳ್ತಾ ಇರುವಾಗ ಏನು ಕಾಣಿಸ್ತು?”

ಮೈಕು ಆರಿತ್ತು. ಗಾಜು ದಪ್ಪವಿತ್ತು. ಆಚೆ ಗ್ಲೆನಿಸ್ ತಿರುಗುಣಿಯನ್ನು ಒಂದೊಂದೇ ಕೂದಲೆಳೆಯಷ್ಟು ಹಿಂದಕ್ಕೆ ತಿರುಗಿಸಿದಳು. ಗೋಧಿಯ ಧೂಳು ಒಳಕ್ಕೆ ಮಡಚಿಕೊಂಡಿತು. ಟೋಪಿಯ ಆಕೃತಿ ಲಾರಿಯಿಂದ ಮೇಲೆದ್ದು, ಕೈಕಾಲು ಬಿಚ್ಚಿ, ಜಡೆ ಬೀಸುತ್ತ, ನೀಲಿಯ ನಡುವೆ ಬಂದು ನಿಂತಿತು. ಅವಳು ಸ್ವಲ್ಪ ಹೊತ್ತು ಅದನ್ನು ಅಲ್ಲೇ ಇಟ್ಟುಕೊಂಡಳು. ಆಮೇಲೆ ಮುಂದಕ್ಕೆ ತಿರುಗಿಸಿದಳು, ಬಿತ್ತು. ಹಿಂದಕ್ಕೆ ತಿರುಗಿಸಿದಳು, ಎದ್ದಿತು. ಎಡಗಡೆ ತುದಿಯ ಬಿಳಿ ಬನಿಯನ್ ಮಾತ್ರ ಹಿಂದಕ್ಕೂ ಮುಂದಕ್ಕೂ ಒಂದೇ ಕಡೆ ಇತ್ತು.